ಹಣದಾಸೆ ಅನ್ನುವುದು ಎಷ್ಟು ದುಡ್ಡಿನಿಂದ ಶುರುವಾಗುತ್ತದೆ?

ಬಳ್ಳಾರಿ ಜೀನ್ಸ್ | ಸೋಮವಾರ ರಾತ್ರಿ 9:40

ಎಲ್ಲರಿಗೂ ವಂದನೆ. ನನ್ನದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. 14 ಮಷಿನ್ ಇವೆ. 12 ವರ್ಷದ ಹಿಂದೆ ನಾನೂ ಇನ್ನೊಬ್ಬರ ಹತ್ತಿರ ಪೀಸ್ ರೇಟಿಗೆ ಹೊಲಿಯುತ್ತಿದ್ದೆ. ಈಗ ಸ್ವಂತ ಮನೆ ಇದೆ, ಕಾರಿದೆ, ಕಾರಿನ ಕಂತೂ ಇದೆ.

ಹೋದ ಭಾನುವಾರ ಚರ್ಚಿನ ಸಭೆಯಲ್ಲಿ ಬೈಬಲಿನ ಮಾರ್ಕ 10ನೇ ಅಧ್ಯಾಯ ಓದಿದರು. ಐಶ್ವರ್ಯವಂತನೊಬ್ಬ ಓಡಿ ಬಂದು ಯೇಸು ಸ್ವಾಮಿಯ ಮುಂದೆ ಮೊಣಕಾಲೂರುತ್ತಾನೆ. ನಿತ್ಯಜೀವ ಬೇಕು, ಏನು ಮಾಡಲಿ ಅಂತ ಕೇಳುತ್ತಾನೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅನ್ನುತ್ತಾರೆ. ಅವನು ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಾನೆ. ಆಮೇಲೆ ಬರುತ್ತದೆ ನೋಡಿ, ಸೂಜಿ ಕಣ್ಣಿನಲ್ಲಿ ನುಗ್ಗುವ ಒಂಟೆ. ಐಶ್ವರ್ಯವಂತ ದೇವರ ರಾಜ್ಯಕ್ಕೆ ಸೇರುವುದಕ್ಕಿಂತ ಒಂಟೆ ಸೂಜಿ ಕಣ್ಣಿನಲ್ಲಿ ನುಗ್ಗುವುದೇ ಸುಲಭ ಅನ್ನುತ್ತಾರೆ.

ಸೂಜಿ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ದಿನವಿಡೀ ಅದರ ಜೊತೆಗೇ ಬದುಕು. ಜೀನ್ಸಿಗೆ 18 ನಂಬರ್ ಸೂಜಿ ಹಾಕುತ್ತೇವೆ. ಅಷ್ಟು ದಪ್ಪ ಸೂಜಿಗೆ ದಾರ ಪೋಣಿಸುವುದಕ್ಕೇ ಕನ್ನಡಕ ಬೇಕು. ಒಂಟೆ ಎಲ್ಲಿಂದ ಹೋಗಬೇಕು?

ನನ್ನ ಪ್ರಶ್ನೆ ಇಷ್ಟೇ. ಎಷ್ಟು ದುಡ್ಡಿದ್ದರೆ ನಾನು ಆ ಐಶ್ವರ್ಯವಂತನ ಸಾಲಿಗೆ ಸೇರುತ್ತೇನೆ? ಸುಮ್ನೆ ಕೇಳುತ್ತಿಲ್ಲ. ಭಾನುವಾರದಿಂದ ಸರಿಯಾಗಿ ನಿದ್ದೆ ಇಲ್ಲ.

ಸಂಡೂರು ಹುಡುಗ | ರಾತ್ರಿ 9:58

ಅಣ್ಣಾ, ಹೆದರಬೇಡಿ. ಯೆರೂಸಲೇಮಿನ ಕೋಟೆಗೆ ‘ಸೂಜಿ ಕಣ್ಣು’ ಅಂತ ಒಂದು ಸಣ್ಣ ಬಾಗಿಲಿತ್ತಂತೆ. ಒಂಟೆ ಬೆನ್ನ ಮೇಲಿನ ಹೊರೆ ಇಳಿಸಿ, ಮೊಣಕಾಲೂರಿ ನುಗ್ಗುತ್ತಿತ್ತಂತೆ. ಸ್ವಲ್ಪ ತಗ್ಗಿ ನಡೆದರೆ ಆಯಿತು. ಯೂತ್ ಕ್ಯಾಂಪಿನಲ್ಲಿ ಹೇಳಿಕೊಟ್ಟಿದ್ದು.

ರಾಯಚೂರು ಟೀಚರ್ | ರಾತ್ರಿ 10:20

ತಮ್ಮಾ, ಆ ಬಾಗಿಲನ್ನು ಯಾರೂ ನೋಡಿಲ್ಲ. ಆ ಕಾಲದ ಯಾವ ಬರಹದಲ್ಲೂ ಅದರ ಸುಳಿವಿಲ್ಲ. ನೂರಾರು ವರ್ಷ ಆದ ಮೇಲೆ, ಮಧ್ಯಯುಗದಲ್ಲಿ ಹುಟ್ಟಿದ ವಿವರಣೆ ಅದು. ಇನ್ನು ಕೆಲವರು ಅದು ಒಂಟೆಯಲ್ಲ, ಹಗ್ಗ ಅನ್ನುತ್ತಾರೆ. ಗ್ರೀಕಿನಲ್ಲಿ ಕಮೆಲೊಸ್ ಅಂದರೆ ಒಂಟೆ, ಕಮಿಲೊಸ್ ಅಂದರೆ ದಪ್ಪ ಹಗ್ಗ. ಸರಿ, ಹಗ್ಗ ಅಂತಲೇ ಇಟ್ಟುಕೊಳ್ಳಿ. ಹಗ್ಗವಾದರೂ ಸೂಜಿಯಲ್ಲಿ ಹೋಗುತ್ತದಾ?

ಶಿಷ್ಯರು ಏನಂದರು ನೋಡಿ. ಹಾಗಾದರೆ ಯಾರಿಗೆ ರಕ್ಷಣೆ ಆದೀತು ಅಂತ ಗಾಬರಿಯಾದರು. ಬರೀ ಬಾಗಿಲಾಗಿದ್ದರೆ ಗಾಬರಿ ಯಾಕೆ? ಮನುಷ್ಯರಿಂದ ಆಗದ್ದು, ದೇವರಿಂದ ಆಗುತ್ತದೆ ಅನ್ನುವ ಉತ್ತರವಾದರೂ ಯಾಕೆ? ಒಂಟೆಯನ್ನು ಸಣ್ಣದು ಮಾಡುವುದು, ಇಲ್ಲವೇ ಸೂಜಿಯನ್ನು ದೊಡ್ಡದು ಮಾಡುವುದು, ಇದೇ ನಮ್ಮ ಕೆಲಸವಾಗಿದೆ.

ಕೌಲ್ ಬಜಾರ್ ಭಾಯ್ | ರಾತ್ರಿ 10:41

ನಾನು ಮುಸಲ್ಮಾನ, ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ಸೂಜಿ ಕಣ್ಣಿನ ಒಂಟೆ ಖುರಾನಿನಲ್ಲೂ ಇದೆ. 7ನೇ ಸೂರಾ, 40ನೇ ಆಯತ್. ಅಲ್ಲಿ ಮಾತು ಹಣವಂತರ ಬಗ್ಗೆ ಅಲ್ಲ, ದೇವರ ವಚನವನ್ನು ಸುಳ್ಳೆಂದು ಅಹಂಕಾರ ಮಾಡುವವರ ಬಗ್ಗೆ. ಅಲ್ಲೂ ಬಾಗಿಲು ಗೀಗಿಲು ಏನಿಲ್ಲ, ಆಗದ ಮಾತು ಅಂತಲೇ ಅರ್ಥ. ನಾನೂ ಕಾಜಾ ಬಟನ್ ಕೆಲಸದವನೇ. ಸೂಜಿ ಚೆನ್ನಾಗಿ ಗೊತ್ತು.

ಆಶೀರ್ವಾದ ಸಾಕ್ಷಿ | ಮಂಗಳವಾರ ಬೆಳಿಗ್ಗೆ 6:15

ಬ್ರದರ್, ದೇವರು ನಿಮ್ಮನ್ನು ಎತ್ತಿದ್ದಾರೆ, ನೀವೇಕೆ ತಪ್ಪು ಮಾಡಿದವರ ಹಾಗೆ ಕೂತಿದ್ದೀರಿ? ಅಬ್ರಹಾಮನು ಐಶ್ವರ್ಯವಂತ. ಯೋಬನಿಗೆ ಕೊನೆಯಲ್ಲಿ ಎರಡರಷ್ಟು ಸಿಕ್ಕಿತು. ಯೇಸುವನ್ನು ಸಮಾಧಿ ಮಾಡಿದ ಅರಿಮಥಾಯದ ಯೋಸೇಫನೂ ಹಣವಂತನೇ. ಮಲಾಕಿಯ 3:10 ಓದಿ. ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಸರಿಯಾಗಿ ಕೊಡಿ, ಪರಲೋಕದ ಬಾಗಿಲು ತೆರೆದು ಸುರಿಸುತ್ತೇನೆ ಅಂತ ದೇವರೇ ಹೇಳಿದ್ದಾರೆ. ಬಿತ್ತಿದ ಬೀಜದ ಹಾಗೆ ಹೆಚ್ಚಾಗಿ ಮರಳಿ ಬರುತ್ತದೆ ಅಂತ ಕೊಡುವ ಬೀಜ ಕಾಣಿಕೆ ಅಂತ ನಾನು 5,000 ಹಾಕಿದೆ, ಮೂರೇ ತಿಂಗಳಿಗೆ ನಿಂತುಹೋಗಿದ್ದ ಸೈಟ್ ಮಾರಾಟವಾಯಿತು.

ರಾಯಚೂರು ಟೀಚರ್ | ಬೆಳಿಗ್ಗೆ 7:30

ಸೈಟ್ ಮಾರಾಟವಾಗಿದ್ದು ಸಂತೋಷ. ಆದರೆ 3:10 ಓದುವವರು ಐದು ವಚನ ಮೇಲಕ್ಕೆ ಹೋಗುವುದೇ ಇಲ್ಲ. ಮಲಾಕಿಯ 3:5ರಲ್ಲಿ ದೇವರು ಯಾರ ವಿರುದ್ಧ ಸಾಕ್ಷಿ ಹೇಳಲು ಬರುತ್ತೇನೆ ಅನ್ನುತ್ತಾರೆ? ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಆಣೆ ಇಡುವವರು. ಅದೇ ಉಸಿರಿನಲ್ಲಿ ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವರು, ವಿಧವೆಯನ್ನು, ತಾಯಿತಂದೆ ಇಲ್ಲದವರನ್ನು ಹಿಂಸಿಸುವವರು. ಒಂದೇ ಪಟ್ಟಿ.

ದಶಮಾಂಶ ಯಾರಿಗೆ ಅಂತಲೂ ನೋಡಿ. ಧರ್ಮೋಪದೇಶಕಾಂಡ 14ರ ಪ್ರಕಾರ ಹತ್ತರಲ್ಲಿ ಒಂದು ಪಾಲನ್ನು ಮನೆಮಂದಿಯೆಲ್ಲ ದೇವರ ಸನ್ನಿಧಿಯಲ್ಲಿ ಕೂತು ಊಟ ಮಾಡಬೇಕು. ಮೂರನೇ ವರ್ಷದ್ದನ್ನು ಊರಲ್ಲೇ ಇಟ್ಟು ದೇವರ ಸೇವೆಯ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಣಬೇಕು. ಇದನ್ನು ಯಾವ ಉಜ್ಜೀವನ ಕೂಟದಲ್ಲಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಸಿಂಧನೂರು ಭತ್ತ | ಬೆಳಿಗ್ಗೆ 8:05

ನಾನು ರೈತ. ನನ್ನನ್ನು ಕುಟ್ಟುವುದು ಲೂಕ 12. ಒಬ್ಬನಿಗೆ ಬೆಳೆ ಭರ್ಜರಿ ಬರುತ್ತದೆ. ಹಳೆ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ, ಆರಾಮಾಗಿ ಉಂಡು ಕುಡಿದು ಇರುತ್ತೇನೆ ಅನ್ನುತ್ತಾನೆ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ದೇವರು ಅವನನ್ನು ಬುದ್ಧಿಯಿಲ್ಲದವನೇ ಅಂತ ಕರೆಯುತ್ತಾರೆ.

ನಮ್ಮ ಕಡೆ ಸುಗ್ಗಿಯಲ್ಲಿ ಸೋನಾ ಮಸೂರಿ ರೇಟು ಬಿದ್ದುಹೋಗುತ್ತದೆ. ಅನುಕೂಲ ಇದ್ದವನು ಗೋಡೌನಿನಲ್ಲಿ ಇಟ್ಟು ಆಮೇಲೆ ಮಾರುತ್ತಾನೆ. ಸಾಲ ಇದ್ದವನು ಕಣದಿಂದಲೇ ಕೊಟ್ಟುಬಿಡುತ್ತಾನೆ. ನಾನೂ ಎರಡು ವರ್ಷದಿಂದ ಇಡುತ್ತಿದ್ದೇನೆ. ಇದು ಪಾಪಾನಾ? ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಇನ್ನೊಬ್ಬ ಯೋಸೇಫನೂ ಏಳು ವರ್ಷ ದಾಸ್ತಾನು ಮಾಡಿದ, ಅವನನ್ನು ಜಾಣ ಅಂದರಲ್ವಾ?

ಇಬ್ಬರಿಗೂ ಏನು ವ್ಯತ್ಯಾಸ ಅಂತ ಟ್ರ್ಯಾಕ್ಟರ್ ಮೇಲೆ ಕೂತು ಯೋಚನೆ ಮಾಡಿದೆ. ಯೋಸೇಫ ಕೂಡಿಟ್ಟಿದ್ದು ಊರಿಗೆಲ್ಲ ಬರಗಾಲ ಬರುತ್ತದೆ ಅಂತ. ಲೂಕದವನ ಮಾತು ಎಣಿಸಿ ನೋಡಿ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ. ಬೆಳೆ ಕೊಯ್ದ ಆಳುಗಳು ಆ ಮಾತಿನಲ್ಲಿ ಎಲ್ಲೂ ಬರುವುದಿಲ್ಲ. ಮಳೆಯೂ ಇಲ್ಲ. ಇನ್ನೊಂದು, ಅಣ್ಣ ತನಗೆ ಆಸ್ತಿ ಪಾಲು ಕೊಡುತ್ತಿಲ್ಲ ಅಂತ ಒಬ್ಬ ದೂರು ತಂದಾಗ ಹೇಳಿದ ಕತೆ ಇದು. ನಮ್ಮ ತಾಲ್ಲೂಕು ಕೋರ್ಟಿನ ಎದುರು ನಿಂತು ಹೇಳಿದರೂ ನಡೆಯುತ್ತದೆ.

ನಮ್ಮಲ್ಲಿ ದುಡ್ಡಿಗಿಂತ ದೊಡ್ಡ ಆಸ್ತಿ ನೀರು. ತುಂಗಭದ್ರಾ ಕಾಲುವೆಗೆ ಮೇಲಿನವರು ಪೈಪ್ ಹಾಕಿ ಎಳೆದರೆ ಕೆಳಭಾಗದವರ ಗದ್ದೆ ಬಿರುಕು ಬಿಡುತ್ತದೆ. ಪೈಪ್ ಹಾಕಿದವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ನಮ್ಮ ಸಭೆಯವರೂ ಇದ್ದಾರೆ. ಇರಲಿ, ಅದು ಬೇರೆ ಚರ್ಚೆ.

ಸಂಡೂರು ಹುಡುಗ | ಬೆಳಿಗ್ಗೆ 9:12

ನಮ್ಮ ಮಾವನ ಕತೆ ಹೇಳುತ್ತೇನೆ. ಅದಿರಿನ ಕಾಲದಲ್ಲಿ ಸಾಲ ಮಾಡಿ ಎರಡು ಲಾರಿ ತಗೊಂಡರು. ಅದಕ್ಕೂ ಮೊದಲು ಮೂರು ಎಕರೆ ಜೋಳ, ಕಡಲೆ ಬೆಳೆಯುತ್ತಿದ್ದರು. ಹೊಲ ಬೀಳು ಬಿಟ್ಟರು. ರಾತ್ರಿ ಹಗಲು ಲೋಡು. ಬೆರಳಿಗೆಲ್ಲ ಉಂಗುರ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು, ಲಾರಿ ಮನೆ ಮುಂದೆ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ.

ಮಾವ ಕೆಟ್ಟವರಲ್ಲ, ಯಾರದನ್ನೂ ಕದ್ದವರಲ್ಲ. ಒಂದನೇ ತಿಮೊಥೆಯ 6:9ರಲ್ಲಿ ಬಲೆ ಅನ್ನುವ ಮಾತಿದೆ. ಐಶ್ವರ್ಯವಂತರು ಅಂತ ಇಲ್ಲ ಅಲ್ಲಿ, ಐಶ್ವರ್ಯವಂತರಾಗಬೇಕು ಅಂತ ಮನಸ್ಸು ಮಾಡಿದವರು ಅಂತ ಇದೆ. ಅದು ಮಾವನ ಬಗ್ಗೆಯೇ ಬರೆದಂತಿದೆ.

ಹಟ್ಟಿ ಶಿಫ್ಟ್ | ಬೆಳಿಗ್ಗೆ 9:50

ಗಣಿ ಮಾತು ಬಂತು, ಒಂದೇ ಮಾತು ಹೇಳಿ ಹೋಗುತ್ತೇನೆ, ಶಿಫ್ಟಿಗೆ ಟೈಮಾಯಿತು. ಯೋಬ 28 ಓದಿ. ಬೆಳ್ಳಿ ಎಲ್ಲಿ ಅಗೆಯುತ್ತಾರೆ, ಚಿನ್ನ ಹೇಗೆ ಶುದ್ಧ ಮಾಡುತ್ತಾರೆ, ಕಬ್ಬಿಣ ಮಣ್ಣಿನಿಂದ ಹೇಗೆ ತೆಗೆಯುತ್ತಾರೆ, ಜನ ಓಡಾಡದ ಜಾಗದಲ್ಲಿ ಮನುಷ್ಯರು ಹೇಗೆ ನೇತಾಡುತ್ತ ಇಳಿಯುತ್ತಾರೆ, ಎಲ್ಲ ಬರೆದಿದೆ. ಬರೆದವರು ಗಣಿ ಕಂಡವರೇ ಇರಬೇಕು. ಇಲ್ಲಿ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಜ್ಞಾನ ಮಾತ್ರ ಯಾವ ಆಳದಲ್ಲೂ ಸಿಗುವುದಿಲ್ಲ ಅನ್ನುತ್ತದೆ ಆ ಅಧ್ಯಾಯ.

ಕೊಪ್ಪಳದ ಗೆಳೆಯ | ಬೆಳಿಗ್ಗೆ 10:30

ನಾನು ಬೈಬಲ್ ಓದಿದವನಲ್ಲ. ಈ ಶ್ರೀಮಂತ ಹುಡುಗನ ಕತೆ ಕೇಳಿದರೆ ನಮಗೆ ಪುರಂದರದಾಸರು ನೆನಪಾಗುತ್ತಾರೆ. ನವಕೋಟಿ ನಾರಾಯಣ ಅನ್ನಿಸಿಕೊಂಡ ಜಿಪುಣ ಸಾಹುಕಾರ, ಹೆಂಡತಿಯ ಮೂಗುತಿಯ ನೆವದಲ್ಲಿ ಎಲ್ಲ ದಾನ ಮಾಡಿ ತಂಬೂರಿ ಹಿಡಿದು ಹೊರಟರು ಅಂತ ಕತೆ. ನಿಮ್ಮ ಹುಡುಗ ಮನೆಗೆ ವಾಪಸ್ ಹೋದ, ನಮ್ಮವರು ಮನೆ ಬಿಟ್ಟರು.

ಆದರೆ ಎಲ್ಲರೂ ಮನೆ ಬಿಟ್ಟರೆ ರೊಟ್ಟಿ ಬಡಿಯುವವರು ಯಾರು? ನಮ್ಮ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತವೆ. ಕೊಟ್ಟವರ ಹೆಸರು ರೊಟ್ಟಿ ಮೇಲೆ ಇರುವುದಿಲ್ಲ. ಕಾಯಕ ಮಾಡು, ಅದರಲ್ಲಿ ದಾಸೋಹ ಮಾಡು ಅನ್ನುವುದು ನಮಗೆ ಬೇಗ ಅರ್ಥವಾಗುತ್ತದೆ. ನಿಮ್ಮಲ್ಲಿ ಆ ಥರ ಇಲ್ವಾ?

ನಿವೃತ್ತ ಸಭಾಪಾಲಕ, ರಾಯಚೂರು | ಬೆಳಿಗ್ಗೆ 11:15

ಇದೆ ಸರ್, ಜಕ್ಕಾಯ ಇದ್ದಾನೆ. ಲೂಕ 18ರಲ್ಲಿ ಈ ಐಶ್ವರ್ಯವಂತ ಬೇಸರದಿಂದ ಹೋಗುತ್ತಾನೆ. ಮುಂದಿನ ಅಧ್ಯಾಯದಲ್ಲೇ ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ ಮರ ಹತ್ತುತ್ತಾನೆ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡಿದ್ದು ಇದ್ದರೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಯೇಸು ಸ್ವಾಮಿ ಉಳಿದ ಅರ್ಧವೂ ಕೊಡು ಅನ್ನಲಿಲ್ಲ. ಈ ಮನೆಗೆ ಇವತ್ತು ರಕ್ಷಣೆ ಆಯಿತು ಅಂದರು. ಲೆಕ್ಕ ಇಬ್ಬರಿಗೂ ಒಂದೇ ಅಲ್ಲ.

ಜೀನ್ಸ್ ತಮ್ಮಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಣದಾಸೆ ಎಲ್ಲ ಬಗೆಯ ಕೆಟ್ಟತನಕ್ಕೆ ಬೇರು ಅನ್ನುವ ವಚನದಲ್ಲಿ, ಒಂದನೇ ತಿಮೊಥೆಯ 6:10ರಲ್ಲಿ, ಗ್ರೀಕ್ ಪದ ಫಿಲಾರ್ಗುರಿಯ. ಬೆಳ್ಳಿಯ ಮೇಲಿನ ಪ್ರೀತಿ ಅಂತ. ಬೆಳ್ಳಿ ಬೇರಲ್ಲ, ಪ್ರೀತಿ ಬೇರು. ಆದ್ದರಿಂದ ಎಷ್ಟು ಅನ್ನುವುದಕ್ಕೆ ಅಂಕಿ ಸಿಗುವುದಿಲ್ಲ. ಕಾಸಿಲ್ಲದವನಿಗೂ ಅದು ಹತ್ತಬಹುದು. ಆ ಮಾತು ಮೊದಲು ಯಾರಿಗೆ ಬಿತ್ತು ಗೊತ್ತಾ? ಅದೇ ಅಧ್ಯಾಯದ 5ನೇ ವಚನ ನೋಡಿ. ಭಕ್ತಿಯನ್ನೇ ಲಾಭದ ದಾರಿ ಮಾಡಿಕೊಂಡ ಬೋಧಕರಿಗೆ. ಅಂದರೆ ನಮ್ಮಂಥವರಿಗೆ. ನಾನು ಎಷ್ಟೋ ವರ್ಷ ಅದನ್ನು ಸಭೆಯ ಕಡೆ ಮುಖ ಮಾಡಿ ಓದಿದೆ.

ಇನ್ನೊಂದು ಸೂಕ್ಷ್ಮ ಇದೆ. ಮಾರ್ಕ 10:19ರಲ್ಲಿ ಯೇಸು ಸ್ವಾಮಿ ಆ ಮನುಷ್ಯನಿಗೆ ಆಜ್ಞೆಗಳನ್ನು ಹೇಳುತ್ತಾರೆ. ಕೊಲ್ಲಬಾರದು, ಕದಿಯಬಾರದು, ಸುಳ್ಳುಸಾಕ್ಷಿ ಹೇಳಬಾರದು. ನಡುವೆ ‘ಮೋಸ ಮಾಡಬಾರದು’ ಅಂತ ಒಂದು ಬರುತ್ತದೆ. ಅದು ಹತ್ತು ಆಜ್ಞೆಗಳಲ್ಲಿ ಇಲ್ಲ. ಮತ್ತಾಯ, ಲೂಕರು ಅದನ್ನು ಬಿಟ್ಟಿದ್ದಾರೆ. ಮಾರ್ಕನ ಗ್ರೀಕ್ ಪದಕ್ಕೆ ಇನ್ನೊಬ್ಬರಿಗೆ ಸಲ್ಲಬೇಕಾದ್ದನ್ನು ತಡೆಹಿಡಿಯುವುದು ಅನ್ನುವ ಅರ್ಥ. ಟೀಚರ್ ಅವರು ಹೇಳಿದ ಮಲಾಕಿಯ 3:5 ಇದೆಯಲ್ಲ, ಅದರ ಹಳೆ ಗ್ರೀಕ್ ಅನುವಾದದಲ್ಲಿ ಕೂಲಿ ತಡೆಹಿಡಿಯುವವರಿಗೆ ಇದೇ ಪದ. ಐಶ್ವರ್ಯವಂತನ ಮುಂದೆ ಮಾತ್ರ ಈ ಆಜ್ಞೆ ಯಾಕೆ ಸೇರಿತು ಅಂತ ಒಮ್ಮೆ ಯೋಚಿಸಿ.

ಬಳ್ಳಾರಿ ಜೀನ್ಸ್ | ಮಧ್ಯಾಹ್ನ 1:20

ಪಾಸ್ಟರ್, ನಾನು ಯಾರಿಗೂ ಮೋಸ ಮಾಡಿಲ್ಲ. ಕೂಲಿ ಯಾರದ್ದೂ ತಿಂದಿಲ್ಲ. ಮಾಲು ತಗೊಂಡ ಪಾರ್ಟಿಯಿಂದ ಪೇಮೆಂಟ್ ಲೇಟಾದರೆ ಬಟವಾಡೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಈ ಲೈನಿನಲ್ಲಿ ಎಲ್ಲರದ್ದೂ ಅದೇ. ದಸರಾ, ದೀಪಾವಳಿ ಸೀಸನ್‌ನಲ್ಲಿ ಸರಿಹೋಗುತ್ತದೆ. ಕಾಣಿಕೆ ವಿಷಯದಲ್ಲೂ ಹಿಂದೆ ಬಿದ್ದಿಲ್ಲ. ಈ ತಿಂಗಳೇ ಸಭೆಯ ಕಾಂಪೌಂಡಿಗೆ 25,000 ಕೊಟ್ಟೆ.

ಓವರ್‌ಲಾಕ್ ಅಕ್ಕ | ಮಧ್ಯಾಹ್ನ 2:05

ನಾನು ಬಳ್ಳಾರಿಯಲ್ಲೇ ಓವರ್‌ಲಾಕ್ ಹೊಡೆಯುತ್ತೇನೆ. ನಿಮ್ಮ ಯೂನಿಟ್ ಅಲ್ಲ, ಬೇರೆ ಕಡೆ. ಊಟದ ಟೈಮಿನಲ್ಲಿ ಬರೆಯುತ್ತಿದ್ದೇನೆ. ತಪ್ಪಾದರೆ ಕ್ಷಮಿಸಿ ಅಣ್ಣಾ.

‘ಸ್ವಲ್ಪ ಹಿಂದೆ ಮುಂದೆ’ ಅಂದರೆ ನಮ್ಮ ಮನೆಯಲ್ಲಿ ಏನಾಗುತ್ತದೆ ಹೇಳುತ್ತೇನೆ. ಶನಿವಾರ ಬಟವಾಡೆ ಇಲ್ಲ. ಸೋಮವಾರ ಸಂಘದ ಕಂತು, ಅದು ಹಿಂದೆ ಮುಂದೆ ಆಗುವುದಿಲ್ಲ. ಒಬ್ಬರು ಕಟ್ಟದಿದ್ದರೆ ಗುಂಪಿನ ಹೆಂಗಸರೆಲ್ಲ ಬಾಗಿಲಲ್ಲಿ ಕೂರುತ್ತಾರೆ. ಓಣಿಯಲ್ಲಿ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ತರುತ್ತೇನೆ, ತಿಂಗಳ ಬಡ್ಡಿ ಅದು. ಅಂಗಡಿಯಲ್ಲಿ ಉದ್ರಿ ಅಂದರೆ ರೇಟು ಬೇರೆ. ಓನರ್ ಆಮೇಲೆ ಪೂರ್ತಿ ಕೊಟ್ಟರೂ ನನಗೆ ಪೂರ್ತಿ ಬಂದ ಹಾಗಲ್ಲ. ಬಡ್ಡಿ ನಾನೇ ಕಟ್ಟಿರುತ್ತೇನೆ. ಅವರ ಧಂಧೆಗೆ ನಾನು ಸಾಲ ಕೊಟ್ಟ ಹಾಗಾಯಿತು, ಅದೂ ಬಡ್ಡಿ ಇಲ್ಲದೆ.

ನನಗೆ ಗ್ರೀಕ್ ಬರುವುದಿಲ್ಲ. ಯಾಕೋಬ 5:4 ಮಾತ್ರ ಬಾಯಿಪಾಠ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಅಂತ ಇದೆ. ಕೂಲಿಯವರಲ್ಲ, ದುಡ್ಡು ಕೂಗುತ್ತದಂತೆ. ನಮಗೆ ಕೂಗಲು ಧೈರ್ಯವಿಲ್ಲ ಅಂತ ಗೊತ್ತಿದ್ದೇ ಬರೆದಿರಬೇಕು. ಮಷಿನ್ ಬಿಟ್ಟು ಎದ್ದರೆ ಇನ್ನೊಬ್ಬಳು ಕೂರುತ್ತಾಳೆ.

ರಾಯಚೂರು ಟೀಚರ್ | ಮಧ್ಯಾಹ್ನ 2:40

ಅಕ್ಕಾ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಧರ್ಮೋಪದೇಶಕಾಂಡ 24:15 ಜೊತೆಗಿಡುತ್ತೇನೆ. ಕೂಲಿಯನ್ನು ಅದೇ ದಿನ ಸೂರ್ಯ ಮುಳುಗುವ ಮೊದಲು ಕೊಡಬೇಕು, ಅವನು ಬಡವ, ಅವನ ಜೀವ ಅದರ ಮೇಲೇ ಇದೆ ಅಂತ. ತಡ ಮಾಡಿದರೆ ಅಂತ ಇರುವುದು, ತಿಂದರೆ ಅಂತ ಅಲ್ಲ.

ಆಶೀರ್ವಾದ ಸಾಕ್ಷಿ | ಮಧ್ಯಾಹ್ನ 3:10

ಆದರೂ ದೇವರಿಗೆ ಮೊದಲ ಪಾಲು ಅಲ್ವಾ? ಬಡ ವಿಧವೆ ಇದ್ದದ್ದನ್ನೆಲ್ಲ ಹುಂಡಿಗೆ ಹಾಕಿದಳು. ಅವಳಿಗಿಂತ ಕಷ್ಟ ಯಾರಿಗಿತ್ತು?

ನಿವೃತ್ತ ಸಭಾಪಾಲಕ, ರಾಯಚೂರು | ಸಂಜೆ 4:30

ಆ ವಿಧವೆಯನ್ನು ನಾವು ತುಂಬ ದುಡಿಸಿಕೊಂಡಿದ್ದೇವೆ. ಲೆಕ್ಕ ಹಾಕಿ ನೋಡಿ. ಅವಳ ಎರಡು ಕಾಸು ಸೇರಿದರೆ ಒಂದು ದಿನಾರಿಯ 64ನೇ ಒಂದು ಪಾಲು. ದಿನಾರಿ ಅಂದರೆ ಒಂದು ದಿನದ ಕೂಲಿ. ಇವತ್ತಿನ 600 ರೂಪಾಯಿ ಕೂಲಿಗೆ ಅದು ಒಂಬತ್ತೂವರೆ ರೂಪಾಯಿ ಸಹ ಆಗುವುದಿಲ್ಲ. ಅಷ್ಟೇ ಅವಳ ಬದುಕು. ಮಾರ್ಕ 12:40ರಲ್ಲಿ, ಅವಳು ಬರುವುದಕ್ಕೆ ಸ್ವಲ್ಪ ಮುಂಚೆ, ಶಾಸ್ತ್ರಿಗಳು ವಿಧವೆಯರ ಮನೆ ನುಂಗುತ್ತಾರೆ ಅಂತ ಯೇಸು ಸ್ವಾಮಿ ಸಿಟ್ಟಾಗಿದ್ದಾರೆ. ಆಮೇಲೆ ಅವಳು ಬಂದು ಕೊನೆಯ ಕಾಸು ಹಾಕುತ್ತಾಳೆ. ಅದಾದ ಮೇಲೆ ಈ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅನ್ನುತ್ತಾರೆ. ಅವಳ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಅವಳನ್ನು ತೋರಿಸಿ ಹುಂಡಿ ತುಂಬಿಸಿದವರಲ್ಲಿ ನಾನೂ ಒಬ್ಬ. ಅದನ್ನು ಒಪ್ಪಿಕೊಳ್ಳಲು ನಿವೃತ್ತಿಯಾಗಬೇಕಾಯಿತು.

ಗಂಗಾವತಿ ಅಜ್ಜಿ | ಸಂಜೆ 5:25

ಮೊಮ್ಮಗ ಟೈಪ್ ಮಾಡುತ್ತಿದ್ದಾನೆ. ನಮ್ಮ ಸಭೆಯ ಸುಗ್ಗಿ ಹಬ್ಬದ ಸವಾಲಿನಲ್ಲಿ ಒಂದು ತೆಂಗಿನಕಾಯಿಯನ್ನು 3,000ಕ್ಕೆ ಕೂಗಿದರು. ಎಲ್ಲರೂ ಚಪ್ಪಾಳೆ. ನಾನು ಸಾಕಿದ ಹುಂಜ ಒಯ್ದಿದ್ದೆ. ಅದು 300ಕ್ಕೆ ಹೋಯಿತು, ಕೊಂಡವರು ಯಾರು ಅಂತ ಯಾರೂ ನೋಡಲಿಲ್ಲ. ತೆಂಗಿನಕಾಯಿ ಕೂಗಿದವರ ಗದ್ದೆಯಲ್ಲಿ ನನ್ನ ಸೊಸೆ ನಾಟಿ ಹಚ್ಚಿದ ಕೂಲಿ ಆಗ ಬಾಕಿ ಇತ್ತು. ಆಮೇಲೆ ಕೊಟ್ಟರು, ಸುಳ್ಳು ಹೇಳಬಾರದು. ಹುಂಜ ಒಳ್ಳೆ ತಳಿ, 500 ಬಾಳುತ್ತಿತ್ತು.

ನಿರ್ವಾಹಕ | ಸಂಜೆ 5:40

ಚರ್ಚೆ ಚೆನ್ನಾಗಿದೆ. ದಯವಿಟ್ಟು ಸಭೆಗಳ, ಯೂನಿಟ್‌ಗಳ ಹೆಸರು ಹಾಕಬೇಡಿ. ಎರಡು ಕಾಮೆಂಟ್ ಈಗಾಗಲೇ ತೆಗೆದಿದ್ದೇನೆ. ಅಜ್ಜಿಯ ಕಾಮೆಂಟ್ ಇರುತ್ತದೆ.

ಕೊಪ್ಪಳದ ಗೆಳೆಯ | ಸಂಜೆ 6:02

ಈ ಬೈಬಲ್ ಕನ್ನಡಕ್ಕೆ ಬಂದಿದ್ದೂ ಬಳ್ಳಾರಿಯಲ್ಲೇ ಅಂತ ಯಾರೋ ಹೇಳಿದ್ದರು, ಹೌದಾ?

ರಾಯಚೂರು ಟೀಚರ್ | ಸಂಜೆ 6:20

ಹೌದು ಸರ್. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಎಷ್ಟೋ ವರ್ಷ ಇದರ ಮೇಲೇ ದುಡಿದರು. ಅಂದರೆ ನಮ್ಮ ಕಡೆಯವರು ‘ನಮಗೆ ಗೊತ್ತಿರಲಿಲ್ಲ’ ಅನ್ನುವ ಹಾಗಿಲ್ಲ. 200 ವರ್ಷ ಆಯಿತು.

ಬಳ್ಳಾರಿ ಜೀನ್ಸ್ | ಬುಧವಾರ ರಾತ್ರಿ 11:50

ನಿನ್ನೆಯಿಂದ ಬರೆಯಲೋ ಬೇಡವೋ ಅಂತ ಕೂತಿದ್ದೆ. ಅಕ್ಕನ ಮಾತಿಗೆ ಮೊದಲು ಸಿಟ್ಟು ಬಂತು. ಓನರ್ ಕಷ್ಟ ಇವರಿಗೇನು ಗೊತ್ತು ಅನ್ನಿಸಿತು. ಕರೆಂಟ್ ಬಿಲ್, ಬಾಡಿಗೆ, ಚೆಕ್ ಕೊಟ್ಟು ಸತಾಯಿಸುವ ಪಾರ್ಟಿ. ಇವೆಲ್ಲ ಈಗಲೂ ನಿಜವೇ.

ಆಮೇಲೆ ನೋಟ್‌ಬುಕ್ ತೆಗೆದೆ. ಮೂರು ವಾರದ ಬಟವಾಡೆ ಬಾಕಿ. 11 ಜನ. ಕಾಂಪೌಂಡಿಗೆ 25,000 ಕೊಟ್ಟ ದಿನ ಅದರಲ್ಲಿ ಎರಡು ವಾರದ್ದು ಆಗಲೇ ಬಾಕಿ ಇತ್ತು. ಕಾಂಪೌಂಡ್ ಕಲ್ಲಿನ ಮೇಲೆ ನನ್ನ ಹೆಸರು ಬರುತ್ತದೆ. ನನ್ನ ಹೆಸರಿನ ಹಿಂದೆ ಯಾರ ದುಡ್ಡಿದೆ ಅಂತ ಕಲ್ಲಿನಲ್ಲಿ ಬರುವುದಿಲ್ಲ.

ನಾನು ಹೊಲಿಯುತ್ತಿದ್ದಾಗ ಒಮ್ಮೆ ಐದು ವಾರ ಕೊಟ್ಟಿರಲಿಲ್ಲ. ಮಗಳಿಗೆ ಆಗ ಜ್ವರ. ಅದು ನನಗೆ ಹೇಗೆ ಮರೆತುಹೋಯಿತು ಅಂತ ಗೊತ್ತಾಗುತ್ತಿಲ್ಲ.

ಸಿಂಧನೂರು ಭತ್ತ | ಗುರುವಾರ ಬೆಳಿಗ್ಗೆ 6:30

ಬ್ರದರ್, ನನ್ನ ಗೋಡೌನಿನಲ್ಲೂ 60 ಚೀಲ ಇವೆ, ಕೊಯ್ಲಿನವರ ಲೆಕ್ಕ ಅರ್ಧ ಬಾಕಿ ಇದೆ. ಮೊನ್ನೆ ಅಷ್ಟುದ್ದ ಬರೆಯುವಾಗ ಅದನ್ನು ಬರೆಯಲಿಲ್ಲ.

ಬಳ್ಳಾರಿ ಜೀನ್ಸ್ | ಶನಿವಾರ ರಾತ್ರಿ 8:15

ಹೆಂಡತಿಯ ಎರಡು ಬಳೆ ಬ್ಯಾಂಕಿನಲ್ಲಿ ಇಟ್ಟೆ. ಅವಳೇ ತೆಗೆದುಕೊಟ್ಟಳು, ಆದರೆ ಖುಷಿಯಿಂದೇನೂ ಅಲ್ಲ. ಇವತ್ತು ಎರಡು ವಾರದ್ದು ಕೊಟ್ಟಾಯಿತು. ಒಂದು ವಾರದ್ದು ಇನ್ನೂ ಬಾಕಿ. ಮುಂದಿನ ಶನಿವಾರ ಅಂದಿದ್ದೇನೆ. ಬಡ್ಡಿಗೆ ಅಂತ ಎಲ್ಲರಿಗೂ 200 ಸೇರಿಸಿದೆ. ಒಬ್ಬ ಹುಡುಗ ಎಣಿಸಿ, ಜಾಸ್ತಿ ಬಂದಿದೆ ಸರ್ ಅಂತ ವಾಪಸ್ ತಂದ. ಏನು ಹೇಳಬೇಕೋ ತಿಳಿಯಲಿಲ್ಲ. ಇಟ್ಕೋ ಅಂದೆ.

10 ಜನ ಬಂದರು. ಪಾಕೆಟ್ ಹಚ್ಚುವ ಒಬ್ಬಾಕೆ ಬರಲಿಲ್ಲ. ವಿಚಾರಿಸಿದರೆ ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾಳಂತೆ, ಕಟ್ಟಡದ ಕೆಲಸಕ್ಕೆ. ಹೋಗಿ 12 ದಿನ ಆಯಿತು. ಕೆಲಸಕ್ಕೆ ಬರುತ್ತಿಲ್ಲ ಅಂತ ಗೊತ್ತಿತ್ತು, ಯಾಕೆ ಅಂತ ನಾನು ಕೇಳಿರಲಿಲ್ಲ. ಅವಳ 4,700 ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಫೋನ್ ಸ್ವಿಚ್ ಆಫ್ ಬರುತ್ತಿದೆ.

ಓವರ್‌ಲಾಕ್ ಅಕ್ಕ | ರಾತ್ರಿ 8:50

ಹೆಸರು ಇಲ್ಲಿ ಹಾಕಬೇಡಿ ಅಣ್ಣಾ. ನನಗೆ ಮೆಸೇಜ್ ಮಾಡಿ, ಯಾವ ಊರಿನವಳು ಅಂತಲೂ ತಿಳಿಸಿ. ಹೊಲಿಗೆಯವರಿಗೆ ಹೊಲಿಗೆಯವರು ಗೊತ್ತಿರುತ್ತಾರೆ. ನಾಳೆ ಭಾನುವಾರ, ರಜಾ ಇದೆ. ಅವಳ ಅಕ್ಕತಂಗಿ ಯಾರಾದರೂ ಇಲ್ಲೇ ಇದ್ದರೆ ಹುಡುಕುತ್ತೇನೆ.

ಬಳ್ಳಾರಿ ಜೀನ್ಸ್ | ರಾತ್ರಿ 8:53

ಮೆಸೇಜ್ ಮಾಡಿದೆ, ನೋಡಿ.